ಬೇಲಿಯಂಚಿನ ಅರ್ಧ ಎಕರೆ

ಗೇಲನ್ ಟೋರ್ಸನ್ ತನ್ನ ಐವತ್ತೆರಡು ವರ್ಷದ ಬದುಕಿನಲ್ಲಿ ಓರ್ವಿಲ್ ಪ್ರೂಖಾ ಅವರಿಗೆ ಹೇಳಿದ ಸುಳ್ಳು ಒಂದೇ ಒಂದು. ಅದೂ ನಾಲ್ಕೇ ಪದದ್ದು: "ಇಲ್ಲಿ ಬಿಸಿಲು ಚೆನ್ನಾಗಿ ಬೀಳತ್ತೆ."

ಅದನ್ನು ಹೇಳಿದ್ದು ಆಗಸ್ಟ್ ತಿಂಗಳ ಮೊದಲ ಶನಿವಾರ, ಇಬ್ಬರ ಜಮೀನಿನ ನಡುವಿನ ತಂತಿಬೇಲಿಯ ಪಕ್ಕ ನಿಂತು. ಬೇಲಿಯ ಈಚೆಗೆ ಗೇಲನ್‌ನ ಇಪ್ಪತ್ತು ಎಕರೆ. ಆಚೆಗೆ ಓಕ್ ಮರಗಳ ನಡುವೆ ಹಳ್ಳದವರೆಗೆ ಇಳಿಯುವ ಓರ್ವಿಲ್ ಅವರ ಕಣಿವೆ. ಈ ಇಪ್ಪತ್ತು ಎಕರೆಯೂ ಒಂದು ಕಾಲಕ್ಕೆ ಅವರದೇ. ಹಸುಗಳನ್ನು ಮಾರಿದ ವರ್ಷ ಅವರು ಅದನ್ನು ಹೊರಗಿನವರಿಗೆ ಕೊಡದೆ ಗೇಲನ್‌ಗೇ ಕೊಟ್ಟಿದ್ದರು.

ಓರ್ವಿಲ್ ಅವರಿಗೆ ಎಪ್ಪತ್ತೊಂಬತ್ತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ನಾನೇನೋ ತಯಾರಿದ್ದೆ, ನಮ್ಮ ಹಸುಗಳು ಒಪ್ಪಲಿಲ್ಲ" ಎನ್ನುತ್ತಿದ್ದರು. ಆ ದಿನ ಅವರು ಹಳೆಯ ಕೆಂಪು ಟ್ರ್ಯಾಕ್ಟರಿಗೆ ಮಣ್ಣು ಹದ ಮಾಡುವ ಡಿಸ್ಕ್ ಕಟ್ಟಿಕೊಂಡು ತಾವೇ ಬಂದಿದ್ದರು. ಗೇಲನ್ ಜಿಂಕೆಗಳಿಗೆಂದು ಮೇವಿನ ಬೆಳೆ ಹಾಕುತ್ತಾನಂತೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ಏನೋ ಹುಡುಗಾ, ನಿನ್ನ ಕೈಯಲ್ಲಿ ಟೊಮ್ಯಾಟೊನೇ ಬದುಕಲ್ಲ. ಇನ್ನು ಜಿಂಕೆಗೆ ಹಬ್ಬದೂಟ ಹಾಕ್ತೀಯೇನೋ?"

"ಪ್ರಯತ್ನ ಮಾಡೋಣ ಅಂತ, ಓರ್ವಿಲ್."

"ಮಾಡು, ಮಾಡು. ಆದ್ರೆ ಈ ಮೂಲೆಯಲ್ಲೇ ಯಾಕೋ? ಅಲ್ಲಿ ಮೇಲ್ಗಡೆ ಮಣ್ಣು ಇನ್ನೂ ಚೆನ್ನಾಗಿದೆ."

ಆಗಲೇ ಗೇಲನ್ ಆ ನಾಲ್ಕು ಪದ ಹೇಳಿದ್ದು. ಓರ್ವಿಲ್ ತಲೆಯೆತ್ತಿ ಸೂರ್ಯನನ್ನು ನೋಡಿದರು, ಬೇಲಿಯನ್ನು ನೋಡಿದರು, "ಅದೂ ಸರಿ" ಎಂದು ಟ್ರ್ಯಾಕ್ಟರ್ ಹತ್ತಿದರು.

ನಿಜವಾದ ಕಾರಣ ಗೇಲನ್‌ನ ಜೇಬಿನಲ್ಲಿತ್ತು. ಹೋದ ಚಳಿಗಾಲದಲ್ಲಿ ಅವನು ಅಲ್ಲಿನ ಒಂದು ಮರಕ್ಕೆ ಕ್ಯಾಮೆರಾ ಕಟ್ಟಿದ್ದ. ಅದು ತೆಗೆದ ಚಿತ್ರಗಳು ಫೋನಿಗೆ ಬರುತ್ತಿದ್ದವು. ಸಂಜೆಯ ಹೊತ್ತಿಗೆ ಒಂಬತ್ತೋ ಹತ್ತೋ ಜಿಂಕೆಗಳು ಗುಡ್ಡದಿಂದ ಇಳಿದು ಬರುತ್ತಿದ್ದವು. ಬೇಲಿಯ ತಂತಿ ಸಡಿಲವಾಗಿದ್ದ ಆ ಒಂದೇ ಜಾಗದಲ್ಲಿ ದಾಟಿ ಕಣಿವೆಗೆ ಹೋಗುತ್ತಿದ್ದವು. ಅವುಗಳ ದಾರಿಯಲ್ಲೇ, ಇನ್ನೂರು ಹೆಜ್ಜೆ ಕೆಳಗೆ, ಓರ್ವಿಲ್ ಅವರ ಅಟ್ಟಣೆಯಿತ್ತು. ನಲವತ್ತು ವರ್ಷದಿಂದ ಅವರು ಪ್ರತಿ ನವೆಂಬರಿನಲ್ಲೂ ಅದೇ ಅಟ್ಟಣೆಯ ಮೇಲೆ ಕುಳಿತು ಒಂದು ಜಿಂಕೆ ಹೊಡೆಯುತ್ತಿದ್ದರು. ಒಂದೇ. ಚಳಿಗಾಲವಿಡೀ ಅವರ ಊಟ ಅದರದು. ಉಳಿದದ್ದರಲ್ಲಿ ಸಾಸೇಜ್ ಮಾಡಿಸಿ ಅಕ್ಕಪಕ್ಕದ ಮನೆಗಳಿಗೆ ಹಂಚುತ್ತಿದ್ದರು.

ಬೇಲಿಯ ಈಚೆಗೇ ಅರ್ಧ ಎಕರೆ ಹಸಿರು ಸಿಕ್ಕರೆ ಜಿಂಕೆಗಳು ಬೇಲಿ ದಾಟುವುದಿಲ್ಲ. ಹೊಟ್ಟೆ ತುಂಬ ಮೇದು ಅಲ್ಲೇ ಪೊದೆಯಲ್ಲಿ ಮಲಗುತ್ತವೆ. ಗೇಲನ್‌ಗೆ ಇದು ಗೊತ್ತಿತ್ತು. ಗೊತ್ತಿದ್ದೇ ಆ ಮೂಲೆಯನ್ನು ಆರಿಸಿದ್ದ.

ಅವನು ಕೆಟ್ಟ ಮನುಷ್ಯನಲ್ಲ. ಇಪ್ಪತ್ತಾರು ವರ್ಷದಿಂದ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಹನ್ನೊಂದು ಕೊಟ್ಟಿಗೆಗಳಿಂದ ಹಾಲು ತುಂಬಿಕೊಂಡು ಚೀಸ್ ಕಾರ್ಖಾನೆಗೆ ಮುಟ್ಟಿಸುವುದು ಅವನ ಕೆಲಸ. ಹಿಮ ಬಿದ್ದ ದಿನ ತಡವಾದರೆ, ಕಾಯುತ್ತಿದ್ದ ರೈತರಿಗೆ ತಾನೇ ಕ್ಷಮೆ ಕೇಳುವವನು. ಆದರೆ ಕಾರ್ಖಾನೆಯಲ್ಲಿ ಟ್ಯಾಂಕರ್ ಖಾಲಿಯಾಗುವವರೆಗೆ ಚಾಲಕರೆಲ್ಲ ಸೇರಿ ಫೋನು ತೆಗೆದು ತಾವು ಹೊಡೆದ ದೊಡ್ಡ ಕೊಂಬಿನ ಗಂಡು ಜಿಂಕೆಗಳನ್ನು ತೋರಿಸುವಾಗ, ಗೇಲನ್‌ನ ಫೋನಿನಲ್ಲಿ ತೋರಿಸಲು ಏನೂ ಇರುತ್ತಿರಲಿಲ್ಲ. ಅವನು ಹೊಡೆದದ್ದೆಲ್ಲ ಹೆಣ್ಣು, ಇಲ್ಲವೇ ಎಳೆಯ ಗಂಡು. "ಗೇಲನ್‌ಗೆ ಹಾಲು ಕೊಡೋವೇ ಬೇಕು ಕಣ್ರೋ" ಎಂದು ಡ್ವೇನ್ ಎಂಬವನು ಪ್ರತಿ ವರ್ಷ ಅದೇ ಮಾತು ಆಡುತ್ತಿದ್ದ. ಪ್ರತಿ ವರ್ಷವೂ ಎಲ್ಲರೂ ನಗುತ್ತಿದ್ದರು. ಗೇಲನ್ ಕೂಡ ನಗುತ್ತಿದ್ದ.

ಮೆಕ್ಕೆಜೋಳ ಸುರಿದು ಜಿಂಕೆ ಕರೆಯುವುದು ಆ ಜಿಲ್ಲೆಯಲ್ಲಿ ಕಾನೂನಿಗೆ ವಿರುದ್ಧ. ಬೆಳೆ ಬಿತ್ತಿ ಕರೆಯುವುದಕ್ಕೆ ಅಡ್ಡಿಯಿಲ್ಲ. ಗೇಲನ್ ಆ ನಿಯಮವನ್ನು ಎರಡು ಸಲ ಓದಿದ್ದ. ಎರಡನೆಯ ಸಲ ಓದಿದ್ದು ಯಾಕೆ ಎಂದು ಮಾತ್ರ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಆ ಶನಿವಾರ ಕೆಲಸವೆಲ್ಲ ಮಾಡಿದ್ದು ಓರ್ವಿಲ್ ಅವರೇ. ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಮೂಸಿ, "ಹುಳಿ ಇದೆ. ಸುಣ್ಣ ಹಾಕದೆ ಇಲ್ಲಿ ಏನೂ ಏಳಲ್ಲ" ಎಂದರು. ಅದಕ್ಕೆಂದೇ ಸುಣ್ಣದ ಚೀಲಗಳನ್ನೂ ತಂದಿದ್ದರು. ಡಿಸ್ಕ್ ಎರಡು ಸಲ ಹಾಯಿತು. ಗೇಲನ್ ಓಟ್ಸ್ ಧಾನ್ಯ ಮತ್ತು ಮೂಲಂಗಿಯಂಥ ಗೆಡ್ಡೆಯ ಟರ್ನಿಪ್ ಬೀಜದ ಚೀಲಗಳನ್ನು ಬಿಚ್ಚಿದ. ಟರ್ನಿಪ್ ಬೀಜ ರಾಗಿ ಕಾಳಿನಷ್ಟು ಸಣ್ಣದು. ಅವನು ಅದನ್ನು ಓಟ್ಸ್ ಜೊತೆಗೇ ಮಣ್ಣಿನಡಿ ಸೇರಿಸಲು ಹೊರಟಾಗ ಓರ್ವಿಲ್ ಕೈ ಹಿಡಿದರು.

"ಅಯ್ಯೋ, ಹೂಳ್ತೀಯೇನೋ ಅದನ್ನ? ಇದು ಬಿತ್ತನೆ, ಅಂತ್ಯಕ್ರಿಯೆ ಅಲ್ಲ. ಓಟ್ಸ್ ಒಳಗೆ ಹೋಗ್ಲಿ. ಟರ್ನಿಪ್ ಮೇಲೆ ಎರಚು, ರೋಲರ್ ಹಾಯಿಸಿ ಒತ್ತು, ಅಷ್ಟೇ."

ಹಾಗೆ ಹೇಳಿ, ಎರಚುವ ಯಂತ್ರವನ್ನು ತಮ್ಮ ಹೆಗಲಿಗೇ ಹಾಕಿಕೊಂಡರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಒಂದು ಹುಲ್ಲೆಸಳು ಹಾರಿಸಿ ನೋಡಿಕೊಂಡು, ತಮ್ಮದೇ ಕಣಿವೆಯ ಬಾಯಿಗೆ ಅಡ್ಡಲಾಗಿ, ಒಂದೇ ಅಳತೆಯ ಹೆಜ್ಜೆಯಿಟ್ಟು ಬೀಜ ಎರಚುತ್ತ ಹೋದರು. ಗೇಲನ್ ಹಿಂದೆ ನಿಂತು ನೋಡುತ್ತಿದ್ದ. ನೋಡಲಾಗದೆ ಬಗ್ಗಿ ಕಲ್ಲು ಆಯತೊಡಗಿದ.

ಬೆಳೆ ಚೆನ್ನಾಗಿಯೇ ಬಂತು. ಸೆಪ್ಟೆಂಬರಿನಲ್ಲಿ ಟರ್ನಿಪ್ ಎಲೆಗಳು ಮೊಣಕಾಲೆತ್ತರ ಎದ್ದು ನಿಂತವು. ಆದರೆ ಜಿಂಕೆಗಳು ಅವನ್ನು ಮೂಸಲೂ ಇಲ್ಲ. ಓಟ್ಸಿನ ತುದಿಗಳನ್ನು ಅಷ್ಟಿಷ್ಟು ಕಿತ್ತು, ಟರ್ನಿಪ್ ಎಲೆಗಳ ನಡುವೆ ಹಾದು, ಎಂದಿನ ಹಾಗೆ ಬೇಲಿ ದಾಟಿ ಕಣಿವೆಗೆ ಇಳಿದವು. ಗೇಲನ್ ಚಿತ್ರಗಳನ್ನು ನೋಡಿ ಬೇಸರಪಟ್ಟ. ಆದರೆ ಬೇಸರದ ತಳದಲ್ಲಿ ಏನೋ ಹಗುರವಾಯಿತು. ಮಾಡಬಾರದ್ದನ್ನು ಮಾಡಲು ಹೋದೆ, ಅದು ಆಗಲಿಲ್ಲ, ಒಳ್ಳೆಯದೇ ಆಯಿತು. ಹಾಗೆ ಅಂದುಕೊಂಡು ಅಕ್ಟೋಬರ್ ಇಡೀ ನೆಮ್ಮದಿಯಾಗಿ ನಿದ್ದೆ ಮಾಡಿದ.

ಆ ನೆಮ್ಮದಿಯನ್ನು ಕೆಡಿಸಿದವರೂ ಓರ್ವಿಲ್ ಅವರೇ. ಅಂಚೆಪೆಟ್ಟಿಗೆಯ ಹತ್ತಿರ ಸಿಕ್ಕಿದಾಗ ಗೇಲನ್, "ನನ್ನ ಟರ್ನಿಪ್ ದಂಡ ಆಯ್ತು, ಯಾವುದೂ ಬಾಯಿ ಹಾಕ್ತಿಲ್ಲ" ಎಂದ.

"ತಾಳ್ಮೆ ಇಟ್ಕೊಳೋ. ಈಗ ಆ ಎಲೆ ಕಹಿ. ಚೆನ್ನಾಗಿ ಹಿಮ ಕೂತು ನಾಲ್ಕು ದಿನ ಗಡಗಡ ನಡುಗಿಸ್ಲಿ, ಆಗ ಸಕ್ಕರೆ ಇಳಿಯತ್ತೆ. ಆಮೇಲೆ ನೋಡು, ಸಾಲು ನಿಂತು ತಿಂತಾವೆ." ಓರ್ವಿಲ್ ಅವನ ಬೆನ್ನು ತಟ್ಟಿದರು. "ಮೊದಲನೇ ಬೆಳೆ ನಿಂದು. ಹೆದರಬೇಡ, ಆಗತ್ತೆ."

ಆಯಿತು. ನವೆಂಬರ್ ಎರಡನೆಯ ವಾರ ಗಟ್ಟಿ ಹಿಮ ಕುಳಿತಿತು. ನಾಲ್ಕನೆಯ ದಿನ ಕ್ಯಾಮೆರಾದ ಚಿತ್ರದಲ್ಲಿ ಹದಿನಾಲ್ಕು ಜಿಂಕೆ, ಎಲ್ಲದರ ತಲೆಯೂ ನೆಲದಲ್ಲಿ. ಬೇಲಿ ದಾಟಿದ ಹೆಜ್ಜೆ ಒಂದೂ ಇರಲಿಲ್ಲ. ಬೇಟೆಗೆ ಅನುಮತಿಯಿದ್ದ ಒಂಬತ್ತು ದಿನ ಶುರುವಾಗಲು ಇನ್ನು ಒಂದೇ ವಾರವಿತ್ತು.

ಮೊದಲ ದಿನ, ಶನಿವಾರ, ಬೆಳಗ್ಗೆ ಏಳೂವರೆಗೆ ಗೇಲನ್ ತನ್ನ ಹೊಲದ ಅಂಚಿನಿಂದ ಗುಂಡು ಹಾರಿಸಿದ. ಬಿದ್ದದ್ದು 'ಪಾದ್ರಿ.' ಹತ್ತು ಕವಲಿನ ಕೊಂಬಿನ ಆ ಮುದಿ ಗಂಡಿಗೆ ಹೆಸರಿಟ್ಟವರು ಓರ್ವಿಲ್. ತಲೆಯೆತ್ತಿ, ಅವಸರವಿಲ್ಲದೆ, ಪ್ರವಚನಕ್ಕೆ ಹೊರಟಂತೆ ನಡೆಯುತ್ತದೆ ಎಂದು. ಮೂರು ವರ್ಷದಿಂದ ಅವರು ಅದನ್ನು ಕಾಯುತ್ತಿದ್ದರು. ಅದು ಉದುರಿಸಿದ್ದ ಹಳೆಯ ಕೊಂಬು ಅವರ ಅಡುಗೆಮನೆಯ ಕಿಟಕಿಯಲ್ಲಿತ್ತು.

ಗುಂಡಿನ ಸದ್ದು ಕೇಳಿ ಓರ್ವಿಲ್ ಕಣಿವೆಯಿಂದ ಹತ್ತಿ ಬಂದರು. ಬೇಟೆಗಾರರು ಎದ್ದು ಕಾಣಲೆಂದು ತೊಡುವ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಕೋಟು, ಏದುಸಿರು. ಬೇಲಿಯ ಹತ್ತಿರ ನಿಂತು ನೋಡಿದರು. ಟೋಪಿ ತೆಗೆದರು.

"ಪಾದ್ರಿನೇ ಅಲ್ವೇನೋ?"

"ಹೂಂ."

"ಭೇಷ್ ಹುಡುಗಾ. ಭೇಷ್." ಬೇಲಿ ದಾಟಿ ಬಂದು ಗೇಲನ್‌ನ ಕೈ ಕುಲುಕಿದರು. ಬಗ್ಗಿ ಜಿಂಕೆಯ ಕುತ್ತಿಗೆಯ ಮೇಲೆ ಅಂಗೈಯಿಟ್ಟರು. ಆಮೇಲೆ ಒಂದು ಕೊಂಬನ್ನು ಅವನು, ಇನ್ನೊಂದನ್ನು ಅವರು ಹಿಡಿದು ವ್ಯಾನಿನವರೆಗೆ ಎಳೆದರು. ದಾರಿಯಲ್ಲಿ ಎರಡು ಸಲ ನಿಲ್ಲಬೇಕಾಯಿತು. ಎರಡು ಸಲವೂ ಗೇಲನ್, ತನಗೇ ಸುಸ್ತಾಯಿತು ಎಂದ. ಅದೊಂದು ಸಣ್ಣ ಸುಳ್ಳು, ಆದರೆ ಅದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ಚಿತ್ರ ಕಾರ್ಖಾನೆಗೆ ಹೋಯಿತು. ಡ್ವೇನ್ ಸುಮ್ಮನಾದ. ಗೇಲನ್ ಕಾದಿದ್ದ ಕ್ಷಣ ಅದು. ಅದು ಬಂದಾಗ ಅವನು ಫೋನನ್ನು ಬೇಗ ಜೇಬಿಗೆ ಹಾಕಿಕೊಂಡ.

ಓರ್ವಿಲ್ ಭಾನುವಾರ ಕುಳಿತರು, ಸೋಮವಾರ ಕುಳಿತರು, ಬುಧವಾರದವರೆಗೂ ಕುಳಿತರು. ಕಣಿವೆಯಿಂದ ಒಂದು ಗುಂಡಿನ ಸದ್ದೂ ಬರಲಿಲ್ಲ. ಟ್ಯಾಂಕರ್ ಓಡಿಸುತ್ತ ಆ ರಸ್ತೆಯಲ್ಲಿ ಹಾದಾಗಲೆಲ್ಲ ಗೇಲನ್ ಕಿಟಕಿ ಇಳಿಸಿ ಕಿವಿಗೊಡುತ್ತಿದ್ದ.

ಗುರುವಾರ ಥ್ಯಾಂಕ್ಸ್‌ಗಿವಿಂಗ್, ಸುಗ್ಗಿಗೆ ಕೃತಜ್ಞತೆ ಹೇಳುವ ಹಬ್ಬ. ಪ್ರತಿ ವರ್ಷದಂತೆ ಓರ್ವಿಲ್ ಊಟಕ್ಕೆ ಗೇಲನ್‌ನ ಮನೆಗೆ ಬಂದರು. ಆದರೆ ಈ ಸಲ ಅವರ ಕೈಯಲ್ಲಿ ಉಪ್ಪಿನಕಾಯಿ ಜಾಡಿಯ ಜೊತೆಗೆ ಒಂದು ಉದ್ದನೆಯ ಚರ್ಮದ ಚೀಲವೂ ಇತ್ತು. ಅದನ್ನು ಬಾಗಿಲ ಹಿಂದೆ ಒರಗಿಸಿಟ್ಟರು. ಟರ್ಕಿ ಕೋಳಿ ಮುಗಿದು, ಗೇಲನ್‌ನ ಹೆಂಡತಿ ನೇಡೀನ್ ಕುಂಬಳಕಾಯಿಯ ಪೈ ಬಡಿಸುತ್ತಿದ್ದಾಗ ಮಾತು ಹೊರಬಿತ್ತು.

"ಅದು ನಿಂಗೆ ಕಣೋ," ಓರ್ವಿಲ್ ಬಾಗಿಲ ಕಡೆ ಗಲ್ಲ ತೋರಿಸಿದರು. "ನಮ್ಮಪ್ಪನ ಕೋವಿ. ಇನ್ನು ನಂಗ್ಯಾಕೆ?"

"ಅದೇನು ಮಾತು ಓರ್ವಿಲ್?" ನೇಡೀನ್ ಚಮಚ ಕೆಳಗಿಟ್ಟಳು.

"ಐದು ದಿನ ಕೂತೆ ಮಗಾ. ಒಂದೂ ಕಣ್ಣಿಗೆ ಬೀಳಲಿಲ್ಲ. ಒಣಗಿದೆಲೆ ಮೇಲೆ ಒಂದು ಹೆಜ್ಜೆ ಸದ್ದೂ ಕೇಳಲಿಲ್ಲ. ಜಿಂಕೆ ಬರ್ದೇ ಇರತ್ತಾ? ಆ ಕಣಿವೆಗೆ ನಲವತ್ತು ವರ್ಷ ಬಂದಿವೆ. ಬಂದೇ ಇರ್ತವೆ. ನಾನೇ ಕೂತಲ್ಲಿ ಗೂಬೆ ಥರ ಕೂತಿದೀನಿ, ಅವು ನನ್ನ ಮೂಗಿನ ಕೆಳಗೆ ಹಾದು ಹೋಗ್ತಿವೆ." ಅವರು ನಗಲು ನೋಡಿದರು. "ಕಿವಿ ಹೋಯ್ತು. ಕಣ್ಣೂ ಹೊರಟಿದೆ. ಕೇಳ್ದೆ, ಕಾಣ್ದೆ ಕೋವಿ ಹಿಡಿಯೋನು ಊರಿಗೇ ಅಪಾಯ. ಸಾಕು."

ನೇಡೀನ್ ಗಂಡನ ಮುಖ ನೋಡಿದಳು. ಗೇಲನ್ ಪೈಯನ್ನು ಚಮಚದಿಂದ ಒತ್ತುತ್ತಿದ್ದ. ಅದು ಪೂರಾ ಹಿಟ್ಟಾಗಿತ್ತು.

ಓರ್ವಿಲ್ ಹೋದ ಮೇಲೆ ಅವಳು ತಟ್ಟೆ ಒರೆಸುತ್ತ ಕೇಳಿದಳು, "ಅವರ ಕಿವಿ ಸರಿಯಾಗೇ ಇದೆ. ಅಡುಗೆಮನೆಯಲ್ಲಿ ನಾನು ಮೆಲ್ಲಗೆ ಉಪ್ಪು ಕಮ್ಮಿ ಆಯ್ತಾ ಅಂದಿದ್ದಕ್ಕೆ ಅಲ್ಲಿಂದ್ಲೇ 'ಇಲ್ಲ' ಅಂದ್ರು. ನೀನ್ಯಾಕೆ ಬಾಯಿ ಬಿಡಲಿಲ್ಲ?"

"ಏನಂತ ಬಿಡ್ಲಿ?"

"ನಂಗೇನು ಗೊತ್ತು? ಆದ್ರೆ ಆಗಸ್ಟ್‌ನಿಂದ ನೀನು ಆ ಮುದುಕನ ಮುಖ ನೋಡಿ ಮಾತಾಡಿದ್ದು ನಾನು ನೋಡಿಲ್ಲ."

ಮರುದಿನ ಟ್ಯಾಂಕರ್ ಖಾಲಿ ಮಾಡಿ ಬಂದವನು ಬಟ್ಟೆ ಬದಲಿಸದೆ, ಕೋವಿಯ ಚೀಲ ಹೆಗಲಿಗೇರಿಸಿ ಓರ್ವಿಲ್ ಅವರ ಕೊಟ್ಟಿಗೆಗೆ ಹೋದ. ಹಸುಗಳಿಲ್ಲದ ಆ ಕೊಟ್ಟಿಗೆಯ ಒಂದು ಮೂಲೆಯೇ ಊರಿನ ಬೇಟೆಗಾರರ ಕೂಟದ ಜಾಗ. ಅಲ್ಲಿ ಒಂದು ಸೌದೆ ಒಲೆ, ನಾಲ್ಕು ಮುರುಕು ಕುರ್ಚಿ. ಗೋಡೆಯ ತುಂಬ ಮೊಳೆ ಹೊಡೆದ ಬಟ್ಟೆಯ ತುಂಡುಗಳು. ಗುಂಡು ಹಾರಿಸಿ ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಮತ್ತು ವರ್ಷ ಬರೆದು ಅಲ್ಲಿ ಹೊಡೆಯುವುದು ವಾಡಿಕೆ. ಮಾಸಿದ ನೀಲಿ ಚೌಕಳಿಯ ಒಂದು ತುಂಡಿನ ಮೇಲೆ 'ಗೇಲನ್, 1986' ಎಂದಿತ್ತು. ಅವನಿಗೆ ಆಗ ಹದಿನಾಲ್ಕು. ಅವನ ಅಪ್ಪನಿಗೆ ಬೇಟೆಗೆ ಪುರುಸೊತ್ತಿರಲಿಲ್ಲ. ಕೋವಿ ಹಿಡಿಯುವುದನ್ನು ಕಲಿಸಿದವರೂ, ಆ ಅಂಚು ಕತ್ತರಿಸಿದವರೂ ಓರ್ವಿಲ್ ಅವರೇ. ಗೋಡೆಯ ಮೇಲೆ ಇಲ್ಲದ ಹೆಸರು ಅವರದೊಂದೇ.

ಓರ್ವಿಲ್ ಒಲೆಗೆ ಸೌದೆ ಒಡ್ಡುತ್ತಿದ್ದರು. ಗೇಲನ್ ಚೀಲವನ್ನು ಮೇಜಿನ ಮೇಲಿಟ್ಟ. ಕೂರಲಿಲ್ಲ.

"ನಿಮ್ಮ ಕಿವಿ ಸರಿಯಾಗಿದೆ. ಕಣ್ಣೂ ಸರಿಯಾಗಿದೆ. ಕಣಿವೆಗೆ ಒಂದು ಜಿಂಕೆಯೂ ಇಳಿದಿಲ್ಲ. ಎಲ್ಲಾ ನನ್ನ ಟರ್ನಿಪ್‌ನಲ್ಲಿ ನಿಂತಿವೆ."

ಓರ್ವಿಲ್ ತಿರುಗಲಿಲ್ಲ. "ಇರ್ಲಿ ಬಿಡೋ. ಮೇವು ಇದ್ದಲ್ಲಿ ನಿಲ್ತವೆ. ನಿಂಗೇನು ಗೊತ್ತಿತ್ತು?"

ಅಲ್ಲಿಗೆ ಸುಮ್ಮನಾಗಬಹುದಿತ್ತು. ಅರ್ಧ ಸತ್ಯಕ್ಕೇ ಪೂರ್ತಿ ಕ್ಷಮೆ ಸಿಕ್ಕಿತ್ತು.

"ಗೊತ್ತಿತ್ತು. ಕ್ಯಾಮೆರಾ ಇಟ್ಟಿದ್ದೆ. ಎಲ್ಲಿ ದಾಟ್ತವೆ ಅಂತ ನೋಡ್ಕೊಂಡು, ನಿಮ್ಮ ಅಟ್ಟಣೆಗೆ ಹೋಗೋ ಮುಂಚೆನೇ ತಡೀಬೇಕು ಅಂತಲೇ ಅಲ್ಲಿ ಹಾಕಿದ್ದು. ಪಾದ್ರಿ ಬೇಕಿತ್ತು ನಂಗೆ."

ಒಲೆಯ ಬಾಗಿಲು ಮುಚ್ಚಿದ ಸದ್ದಾಯಿತು. ಓರ್ವಿಲ್ ಕುರ್ಚಿಯಲ್ಲಿ ಕುಳಿತು ಮೊಣಕಾಲಿನ ಮೇಲಿನ ಸೌದೆಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿದರು.

"ಬಿಸಿಲು ಬೀಳತ್ತೆ ಅಂದಿದ್ದೆ ನೀನು."

"ಹೌದು."

"ನಾನು ಸುಣ್ಣ ತಂದಿದ್ದೆ."

"ಹೌದು."

"ಬೀಜ ನಾನೇ ಎರಚಿದೆ, ಅಲ್ವಾ?"

ಗೇಲನ್ ಗೋಡೆಯ ಮೊಳೆಗೆ ನೇತುಹಾಕಿದ್ದ ದೊಡ್ಡ ಕತ್ತರಿಯನ್ನು ತೆಗೆದು ಮುದುಕನ ಕೈಗೆ ಕೊಟ್ಟ. ಕೆಲಸದ ಅಂಗಿಯ ಹಿಂಭಾಗವನ್ನು ಪ್ಯಾಂಟಿನಿಂದ ಹೊರಗೆಳೆದು ಬೆನ್ನು ಮಾಡಿ ನಿಂತ. ಐವತ್ತೆರಡು ವರ್ಷದ ಗಂಡಸು ಹಾಗೆ ನಿಂತದ್ದನ್ನು ಬೇರೆ ಯಾರಾದರೂ ನೋಡಿದ್ದರೆ ನಗುತ್ತಿದ್ದರು.

ಆಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು.

"ಇದು ಗುರಿ ತಪ್ಪಿದವರಿಗೆ ಕಣೋ," ಓರ್ವಿಲ್ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಗುರಿ ತಪ್ಪಿಲ್ಲ. ಎಲ್ಲಿಗೆ ಇಟ್ಟೆಯೋ ಅಲ್ಲಿಗೇ ಹೊಡ್ದಿದೀಯ. ಒಳಗೆ ಹಾಕ್ಕೋ ಅಂಗಿ, ಚಳಿ ಇದೆ."

ಕೋವಿ ಮೇಜಿನ ಮೇಲೆ ಹಾಗೇ ಉಳಿಯಿತು. ಬೇಕು ಎಂದೂ ಅವರು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಶನಿವಾರವಿಡೀ ಗೇಲನ್ ಫೋನಿನ ಹತ್ತಿರವೇ ಸುತ್ತಾಡಿದ. ಒಮ್ಮೆ ಎದ್ದು ಟರ್ನಿಪ್ ಹೊಲವನ್ನು ಉತ್ತು ಹಾಕುತ್ತೇನೆಂದು ಹೊರಟ. "ಯಾರ ಟ್ರ್ಯಾಕ್ಟರಲ್ಲಿ ಉಳ್ತೀಯ? ಅವರದ್ದರಲ್ಲೇ?" ಎಂದು ನೇಡೀನ್ ಕೇಳಿದ ಮೇಲೆ ಮತ್ತೆ ಕುಳಿತ. ಸಂಜೆ ಐದಕ್ಕೆ ಫೋನು ಬಂತು.

"ನಾಳೆ ಕೊನೇ ದಿನ," ಓರ್ವಿಲ್ ಅಂದರು. "ಬೆಳಗ್ಗೆ ಒಂಬತ್ತಕ್ಕೆ ನಿನ್ನ ಹೊಲದಲ್ಲಿ ಮೇಲಿನಿಂದ ಕೆಳಕ್ಕೆ ನಡೀತಾ ಬಾ. ಬೇಲಿ ಹತ್ರ ನಿಂತ್ಬಿಡು, ಆಚೆ ಕಾಲಿಡಬೇಡ. ಸದ್ದು ಮಾಡು. ಕಿತ್ತಳೆ ಕೋಟು ಹಾಕ್ಕೋ. ಕೋವಿ ತರಬೇಡ." ಅಷ್ಟು ಹೇಳಿ ಇಟ್ಟರು.

ಒಬ್ಬ ಕುಳಿತು, ಇನ್ನೊಬ್ಬ ಸದ್ದು ಮಾಡುತ್ತ ಜಿಂಕೆ ಎಬ್ಬಿಸುವುದು ಆ ಕಡೆ ಹಳೆಯ ರೂಢಿ. ಆದರೆ ಓರ್ವಿಲ್ ಅದನ್ನು ಸೋಮಾರಿಗಳ ಬೇಟೆ ಎಂದು ಹಂಗಿಸುತ್ತಿದ್ದವರು. ನಲವತ್ತು ವರ್ಷದಲ್ಲಿ ಒಮ್ಮೆಯೂ ಯಾರ ಸಹಾಯವನ್ನೂ ಕೇಳಿರಲಿಲ್ಲ.

ಭಾನುವಾರ ಒಂಬತ್ತಕ್ಕೆ ಗೇಲನ್ ಬರಿಗೈಯಲ್ಲಿ ನಡೆಯತೊಡಗಿದ. ಅರ್ಧ ತಿಂದು ಬಿಟ್ಟ ಟರ್ನಿಪ್ ಗೆಡ್ಡೆಗಳು ಹಲ್ಲಿನ ಗುರುತು ಹೊತ್ತು ಹಿಮದ ಮೇಲೆ ಉರುಳಿದ್ದವು. ಏನೆಂದು ಕೂಗಬೇಕು ಎಂದು ತೋಚಲಿಲ್ಲ. ಕೊನೆಗೆ ಅವನಿಗೆ ಬಾಯಿಪಾಠವಾಗಿದ್ದ ಒಂದೇ ಒಂದು ಪಟ್ಟಿಯನ್ನು ಕೂಗಿದ: ತನ್ನ ಹಾಲಿನ ದಾರಿಯ ಹನ್ನೊಂದು ಕೊಟ್ಟಿಗೆಗಳ ಹೆಸರು, ಬೆಳಗ್ಗೆ ಯಾವುದು ಮೊದಲೋ ಅಲ್ಲಿಂದ. "ಹೆಗ್‌ಸ್ಟಡ್! ಯಾನೆಕ್! ಬ್ರೂಡರ್ಸನ್!" ಆರನೆಯ ಹೆಸರಿಗೆ ಪೊದೆ ಅಲ್ಲಾಡಿತು. ನಾಲ್ಕು ಜಿಂಕೆಗಳು ಎದ್ದು, ಬಿಳಿ ಬಾಲ ಎತ್ತಿ, ಸಡಿಲ ತಂತಿಯ ಮೇಲಿಂದ ಹಾರಿ ಕಣಿವೆಗೆ ಇಳಿದವು.

ಗೇಲನ್ ಬೇಲಿಯ ಹತ್ತಿರ ನಿಂತ. ಕಂಬ ಹಿಡಿದುಕೊಂಡ. ಒಂದು ಗುಂಡಿನ ಸದ್ದು ಬಂತು. ಎರಡನೆಯದು ಬರಲಿಲ್ಲ.

"ಬಾರೋ ಇನ್ನು!" ಎಂಬ ಕೂಗು ಕೇಳಿದ ಮೇಲೆ ಕೆಳಗೆ ಓಡಿದ. ಓರ್ವಿಲ್ ಅಟ್ಟಣೆಯಿಂದ ಇಳಿದು ಒಂದು ಮರದ ಎದುರು ನಿಂತಿದ್ದರು. ಬೆರಳನ್ನು ತೊಗಟೆಯಲ್ಲಿ ಆದ ತೂತಿಗೆ ಹಾಕಿದ್ದರು. ಹಿಮದ ಮೇಲೆ ಒಂದು ಹನಿ ರಕ್ತವಿರಲಿಲ್ಲ.

"ನಾಲ್ಕು," ಅಂದರು. ಅವರ ಕೆನ್ನೆ ಕೆಂಪಾಗಿತ್ತು. "ಕಾಣೋಕೆ ಮುಂಚೆನೇ ಕೇಳ್ತು ಕಣೋ. ನಾಲ್ಕರದ್ದೂ ಬೇರೆ ಬೇರೆ ಕೇಳ್ತು. ಕೊನೇದು ಸ್ವಲ್ಪ ಕುಂಟತ್ತೆ, ಅಲ್ವಾ?"

ಅಲ್ವಾ ಎಂದರೆ ಗೇಲನ್‌ಗೆ ಏನು ಗೊತ್ತು? ಅವನು ಅಷ್ಟು ಗಮನಿಸಿರಲಿಲ್ಲ. "ತಪ್ಪಿತಾ?" ಎಂದ.

"ಒಂದು ಗೇಣು. ಐದು ದಿನ ಸುಮ್ನೆ ಕೂತು ಕೂತು, ಒಮ್ಮೆಲೇ ನಾಲ್ಕು ಕಂಡಾಗ ಕೈ ಹಾರ್ತು, ಹೊಸಬನ ಥರ."

ಅಷ್ಟು ದಿನ ಜಿಂಕೆ ಎಂದಿನ ದಾರಿಯಲ್ಲಿ ಎಂದಿನ ಹಾಗೆ ನಡೆದು ಬಂದಿದ್ದರೆ ಅವರ ಕೈ ಹಾರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಕೊಟ್ಟಿಗೆಯಲ್ಲಿ ಓರ್ವಿಲ್ ಕೋಟು ಬಿಚ್ಚಿ, ಕೆಂಪು ಉಣ್ಣೆಯ ಅಂಗಿಯ ಹಿಂಭಾಗ ಹೊರಗೆಳೆದು, ಕತ್ತರಿಯನ್ನು ಗೇಲನ್‌ನ ಕೈಗಿಟ್ಟು ಬೆನ್ನು ತಿರುಗಿಸಿದರು.

"ನನ್ನ ಕೈಯಲ್ಲಿ ಆಗಲ್ಲ, ಓರ್ವಿಲ್."

"ಆಗತ್ತೆ. ನೇರ ಕತ್ತರಿಸು, ಅಂಕುಡೊಂಕು ಮಾಡ್ಬೇಡ. ನಲವತ್ತು ವರ್ಷ ಕಾದಿದಾರೆ ಜನ ಇದಕ್ಕೆ."

ಬಟ್ಟೆ ದಪ್ಪವಿತ್ತು. ಕತ್ತರಿ ಎರಡು ಸಲ ಸಿಕ್ಕಿಕೊಂಡಿತು. ಗೇಲನ್ ತುಂಡನ್ನು ಮೇಜಿನ ಮೇಲೆ ಹರಡಿ ಹೆಸರು, ವರ್ಷ ಬರೆದ. ಓರ್ವಿಲ್ ತಾವೇ ಮೊಳೆ ಹೊಡೆದರು, ಅವನ 1986ರ ತುಂಡಿನ ಪಕ್ಕದಲ್ಲೇ. ನಂತರ ಮೇಜಿನ ಮೇಲಿದ್ದ ಖಾಲಿ ಚರ್ಮದ ಚೀಲವನ್ನು ಕೊಡವಿ, ಕೋವಿಯನ್ನು ಅದರೊಳಗೆ ಹಾಕಿ, ಅದರ ಹಳೆಯ ಜಾಗದಲ್ಲೇ ನೇತುಹಾಕಿದರು.

"ಬರೋ ವರ್ಷಕ್ಕೂ ಸುಣ್ಣ ಬೇಕು ಆ ಮಣ್ಣಿಗೆ," ಬಾಗಿಲವರೆಗೆ ಬಂದು ಹೇಳಿದರು. "ಟ್ರ್ಯಾಕ್ಟರ್ ಇಲ್ಲೇ ಇರತ್ತೆ, ತಗೊಂಡು ಹೋಗು. ಎಲ್ಲಿ ಬಿತ್ತಬೇಕು ಅಂತ ನಾನು ಕೇಳಲ್ಲ."

ಹೋದ ಸಲ ಕೇಳಿದ್ದರು. ಗೇಲನ್ ತಲೆಯಾಡಿಸಿ ಹೊರಬಿದ್ದ.

ಮನೆಯಲ್ಲಿ ನೇಡೀನ್ ಅವನ ಹಿಂದೆ ಬಂದು ಕೋಟಿನ ಕೆಳಗೆ ಇಣುಕಿ ನೋಡಿದಳು. ಶುಕ್ರವಾರದ ಕಥೆ ಅವಳಿಗೆ ಗೊತ್ತಿತ್ತು.

"ಇವತ್ತಾದ್ರೂ ಕತ್ತರಿಸಿದ್ರಾ?"

"ಇಲ್ಲ," ಎಂದ ಗೇಲನ್. ಕೈ ಹಿಂದಕ್ಕೆ ಹೋಗಿ ಅಂಗಿಯ ಅಂಚನ್ನು ಮುಟ್ಟಿ ನೋಡಿತು. ಅದು ಒಂದು ನೂಲೂ ಕದಲದೆ ಪೂರ್ತಿಯಾಗಿಯೇ ಇತ್ತು.